ಬೆರಳು ನಿಲ್ಲುವ ಜಾಗ



ಕಿರುವಿಡಿಯೊ ಎಷ್ಟು ಜನರನ್ನು ಮುಟ್ಟಬೇಕೆಂಬುದನ್ನು ನೋಡುವವರ ಹೆಬ್ಬೆರಳು ತೀರ್ಮಾನಿಸುತ್ತದೆ. ಹೊಸ ವಿಡಿಯೊವನ್ನು ಇನ್‌ಸ್ಟಾಗ್ರಾಮ್ ಆಗಲಿ ಯೂಟ್ಯೂಬ್ ಆಗಲಿ ಮೊದಲು ಸ್ವಲ್ಪ ಜನಕ್ಕೆ ತೋರಿಸಿ ನೋಡುತ್ತದೆ. ಅವರಲ್ಲಿ ಎಷ್ಟು ಮಂದಿ ನಿಂತರು, ಎಷ್ಟು ಮಂದಿ ಸರಿಸಿ ಮುಂದೆ ಹೋದರು, ಯಾರು ಕೊನೆಯವರೆಗೆ ನೋಡಿದರು, ಯಾರು ಗೆಳೆಯರಿಗೆ ಕಳಿಸಿದರು ಎಂಬ ಲೆಕ್ಕ ಚೆನ್ನಾಗಿದ್ದರೆ ಇನ್ನಷ್ಟು ಜನರ ಮುಂದಿಡುತ್ತದೆ, ಇಲ್ಲವಾದರೆ ಅಲ್ಲಿಗೇ ಬಿಡುತ್ತದೆ. ನೋಡಿದ ಸಮಯ, ಲೈಕ್, ಇನ್ನೊಬ್ಬರಿಗೆ ಕಳಿಸಿದ್ದು ಈ ಮೂರೂ ಮುಖ್ಯವೆಂದು ಇನ್‌ಸ್ಟಾಗ್ರಾಮ್‌ನ ಮುಖ್ಯಸ್ಥ ಆಡಮ್ ಮೊಸ್ಸೇರಿ 2025ರಲ್ಲಿ ವಿವರಿಸಿದ್ದಾರೆ. ಫಾಲೋ ಮಾಡದ ಅಪರಿಚಿತರನ್ನು ತಲುಪಲು ಕಳಿಸುವಿಕೆಗೇ ಹೆಚ್ಚು ತೂಕ.

2020ರ ಜೂನ್ 29ರಂದು ಟಿಕ್‌ಟಾಕ್ ನಿಷೇಧವಾದ ಮೇಲೆ, ಜುಲೈಯಲ್ಲಿ ಇನ್‌ಸ್ಟಾಗ್ರಾಮ್‌ನ ರೀಲ್ಸ್, ಸೆಪ್ಟೆಂಬರ್‌ನಲ್ಲಿ ಯೂಟ್ಯೂಬ್‌ನ ಶಾರ್ಟ್ಸ್ ಭಾರತಕ್ಕೆ ಬಂದವು. ಆಗ ಸೆಕೆಂಡುಗಳ ಲೆಕ್ಕವಿತ್ತು. ಈಗ ಎರಡರಲ್ಲೂ ಮೂರು ನಿಮಿಷಕ್ಕೆ ಅವಕಾಶವಿದೆ. ಅವಕಾಶವಿದೆಯೆಂದು ಎಳೆಯುವುದು ತಪ್ಪು. ಮಾತು 30 ಸೆಕೆಂಡಿನಲ್ಲಿ ಮುಗಿಯುವಂಥದ್ದಾದರೆ ವಿಡಿಯೊ ಅಲ್ಲಿಗೇ ಮುಗಿಯಬೇಕು.

ಮೊದಲ ಕ್ಷಣದಲ್ಲೇ ಬೆರಳನ್ನು ನಿಲ್ಲಿಸುವುದಕ್ಕೆ ಉದಾಹರಣೆಯಾಗಿ ಮೈಸೂರಿನ ದೇವರಾಜ ಮಾರುಕಟ್ಟೆಯ ಹೂವಿನ ಸಾಲನ್ನೇ ತೆಗೆದುಕೊಳ್ಳಬಹುದು. ಹೆಚ್ಚಿನ ವಿಡಿಯೊಗಳು ಮಾರುಕಟ್ಟೆಯ ಬಾಗಿಲಿನಿಂದ, ‘ಎಲ್ಲರಿಗೂ ನಮಸ್ಕಾರ, ನಮ್ಮ ಚಾನೆಲ್‌ಗೆ ಸ್ವಾಗತ’ ಎಂಬ ಮಾತಿನಿಂದ ಶುರುವಾಗುತ್ತವೆ. ನಮಸ್ಕಾರ ಮುಗಿಯುವಷ್ಟರಲ್ಲಿ ಬೆರಳು ಸರಿದಿರುತ್ತದೆ. ಅದರ ಬದಲು, ಮಲ್ಲಿಗೆ ದಂಡೆಯನ್ನು ಮೊಳ ಹಾಕುತ್ತಿರುವ ಕೈಯೇ ಮೊದಲು ಕಾಣಲಿ. ‘ಈ ಮೊಳ ಯಾರ ಕೈಯದು, ಮಾರುವವರದೋ ಕೊಳ್ಳುವವರದೋ?’ ಎಂಬ ಪ್ರಶ್ನೆ ಮೊದಲು ಕೇಳಲಿ. ಮಲ್ಲಿಗೆ ಕೊಂಡವರೆಲ್ಲರ ಮನಸ್ಸಿನಲ್ಲೂ ಒಮ್ಮೆಯಾದರೂ ಎದ್ದಿರಬಹುದಾದ ಪ್ರಶ್ನೆಯಿದು. ಹೂವಿನವರೇ ಉತ್ತರ ಹೇಳಿದರೆ, ಅದು ಕೊನೆಯಲ್ಲಿ ಬಂದರೆ, ನೋಡುವವರು ಕಾಯುತ್ತಾರೆ. ಮನೆಯಲ್ಲಿ ಅಮ್ಮನಿಗೋ ಅತ್ತೆಗೋ ಕಳಿಸುತ್ತಾರೆ. ಪ್ರಶ್ನೆ ಕೇಳಿ ಉತ್ತರ ಕೊಡದ ವಿಡಿಯೊ ಮಾತ್ರ ಮೋಸ. ಒಮ್ಮೆ ಮೋಸಹೋದವರು ಎರಡನೆಯ ಸಲ ನಿಲ್ಲುವುದಿಲ್ಲ.

ವಿಷಯದ ಆಯ್ಕೆಯೂ ಅಷ್ಟೇ ಮುಖ್ಯ. ಭಾನುವಾರ ಸಂಜೆ ಮೈಸೂರು ಅರಮನೆಯ ದೀಪ ಹೊತ್ತಿಕೊಂಡಾಗ ಸಾವಿರ ಮೊಬೈಲುಗಳು ಒಂದೇ ಕೋನದಲ್ಲಿ ಮೇಲೇಳುತ್ತವೆ. ಆ ನೋಟ ಸುಂದರವೇ, ಆದರೆ ಎಲ್ಲರೂ ಈಗಾಗಲೇ ನೋಡಿದ್ದು. ಸುಮಾರು ಒಂದು ಲಕ್ಷ ಬಲ್ಬುಗಳಲ್ಲಿ ಸುಟ್ಟುಹೋದದ್ದನ್ನು ಹುಡುಕಿ ಬದಲಿಸುವ ಕೆಲಸ ಹೇಗೆ ನಡೆಯುತ್ತದೆಂದು ತೋರಿಸುವವರು ವಿರಳ. ನಂಜನಗೂಡು ರಸಬಾಳೆ, ಮೈಸೂರು ವೀಳ್ಯದೆಲೆ, ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು, ರಂಗಾಯಣದ ತಾಲೀಮು, ಯಾವುದಾದರೂ ಒಂದನ್ನು ಹಿಡಿದು ಹಲವು ತಿಂಗಳು ಅದರಲ್ಲೇ ನಿಂತವರ ವಿಡಿಯೊ ಯಾರಿಗೆ ತೋರಿಸಬೇಕೆಂದು ಆ್ಯಪ್‌ಗೂ ಗೊತ್ತಾಗುತ್ತದೆ. ಇಂದು ಅಡುಗೆ, ನಾಳೆ ಸಿನಿಮಾ, ನಾಡಿದ್ದು ಬೈಕು ಎಂದರೆ ನೋಡುಗರ ಗುಂಪು ಕಟ್ಟಿಕೊಳ್ಳುವುದು ಕಷ್ಟ.

ಕೇಳುಗರ ಮನಸ್ಸನ್ನು ಅರಿತು ಪ್ರಸಾರ ಮಾಡುವ ಕೆಲಸಕ್ಕೆ ಮೈಸೂರು ಹೊಸದಲ್ಲ. ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ಒಂಟಿಕೊಪ್ಪಲಿನ ತಮ್ಮ ಮನೆಯಲ್ಲೇ 30 ವಾಟ್‌ನ ಸಣ್ಣ ಪ್ರಸಾರ ಯಂತ್ರವಿಟ್ಟು ಬಾನುಲಿ ಕೇಂದ್ರ ತೆರೆದರು. ‘ಆಕಾಶವಾಣಿ’ ಎಂಬ ಆ ಕೇಂದ್ರದ ಹೆಸರೇ ಮುಂದೆ ಇಡೀ ದೇಶದ ರೇಡಿಯೊದ ಹೆಸರಾಯಿತು. ಇಂದಿನ ಯಾವ ಮೊಬೈಲಿನ ಮುಂದೂ ಆ ಸಲಕರಣೆ ಬಡವಾದದ್ದೇ. ದುಬಾರಿ ಕ್ಯಾಮೆರಾ ಇಲ್ಲವೆಂದು ಸುಮ್ಮನೆ ಕೂರಲು ಕಾರಣವಿಲ್ಲ.

ಪರದೆಯ ಮೇಲಿನ ಅಕ್ಷರ, ಶೀರ್ಷಿಕೆ, ಊರಿನ ಹೆಸರು ಕನ್ನಡದಲ್ಲಿರಲಿ. ಬಸ್ಸಿನಲ್ಲಿ ಸದ್ದಿಲ್ಲದೆ ನೋಡುವವರಿಗೂ, ಹೆಸರು ಹಾಕಿ ಹುಡುಕುವವರಿಗೂ ಅನುಕೂಲ. ಹ್ಯಾಶ್‌ಟ್ಯಾಗ್‌ಗಳ ರಾಶಿಯಿಂದ ಪ್ರಯೋಜನವಿಲ್ಲ. 60ಕ್ಕಿಂತ ಹೆಚ್ಚಾದರೆ ಯೂಟ್ಯೂಬ್ ಅಷ್ಟನ್ನೂ ಕಡೆಗಣಿಸುತ್ತದೆ. ಇನ್ನೊಬ್ಬರ ವಿಡಿಯೊ ತಂದು ಹಾಕುವವರನ್ನು ಇನ್‌ಸ್ಟಾಗ್ರಾಮ್ ಹಿಂದೆ ಸರಿಸುತ್ತದೆ. ಬೇರೆ ಆ್ಯಪ್‌ನ ಮುದ್ರೆಯಿರುವ ವಿಡಿಯೊಗೂ ಅದೇ ಗತಿ. ದುಡ್ಡು ಕೊಟ್ಟು ಕೊಂಡ ಫಾಲೋವರ್‌ಗಳಂತೂ ಶುದ್ಧ ನಷ್ಟ. ಅವರು ನೋಡುವುದೂ ಇಲ್ಲ, ಯಾರಿಗೂ ಕಳಿಸುವುದೂ ಇಲ್ಲ.

ವ್ಯೂಸ್ ಸಂಖ್ಯೆಯನ್ನು ಕಂಡು ಮರುಳಾಗಬಾರದು. 2025ರ ಮಾರ್ಚ್ 31ರಿಂದ ಶಾರ್ಟ್ಸ್ ಓಡಲು ಶುರುವಾದರೆ ಸಾಕು, ಒಂದು ವ್ಯೂ ಎಂದು ಎಣಿಕೆಯಾಗುತ್ತದೆ. ಜಾಹೀರಾತಿನ ಪಾಲು ಸಿಗಲು 1,000 ಚಂದಾದಾರರ ಜೊತೆಗೆ 90 ದಿನಗಳಲ್ಲಿ ಒಂದು ಕೋಟಿ ಅರ್ಹ ವ್ಯೂಸ್ ಬೇಕು. ಉದ್ದನೆಯ ವಿಡಿಯೊ ಮಾಡುವವರಿಗೆ ವರ್ಷಕ್ಕೆ 4,000 ಗಂಟೆ ವೀಕ್ಷಣೆಯ ಇನ್ನೊಂದು ದಾರಿಯಿದೆ. ಈ ಲೆಕ್ಕ ತಿಳಿಯದೆ ಓದನ್ನೋ ಕೆಲಸವನ್ನೋ ಬಿಡುವುದು ದುಡುಕು.

ವ್ಯೂಸ್‌ಗಾಗಿ ದಸರಾ ಆನೆಗಳ ಪಕ್ಕ ನಿಂತು ರೀಲ್ಸ್ ಮಾಡುವ ಹುಚ್ಚು ಎಷ್ಟಾಯಿತೆಂದರೆ, 2025ರಲ್ಲಿ ಅರಣ್ಯ ಇಲಾಖೆ ಅದಕ್ಕೆ ನಿರ್ಬಂಧ ಹಾಕಬೇಕಾಯಿತು. ಕಾಡಿನಿಂದ ಬಂದ ಆನೆಗೆ ಮುಖಕ್ಕೆ ಬೀಳುವ ಬೆಳಕೂ ಗದ್ದಲವೂ ಹಿಂಸೆ, ಮಾವುತರಿಗೂ ಅಪಾಯ. ಹೂವಿನವರ ವಿಷಯದಲ್ಲೂ ಇದೇ ಎಚ್ಚರ ಬೇಕು. ಮುಖ ತೋರಿಸುವ ಮುಂಚೆ ಒಪ್ಪಿಗೆ ಕೇಳಬೇಕು, ಗಿರಾಕಿಗಳಿಗೆ ಅಡ್ಡ ನಿಲ್ಲಬಾರದು. ಬೆಳಗಿನ ವ್ಯಾಪಾರ ಮುಗಿದು ಅವರು ಹೂ ಕಟ್ಟುತ್ತಾ ಕೂತ ಹೊತ್ತಿಗೆ ಹೋಗಿ, ಮೊದಲು ಒಂದು ಮೊಳ ಮಲ್ಲಿಗೆ ಕೊಂಡು, ಆಮೇಲೆ ಮೊಬೈಲ್ ತೆಗೆಯಿರಿ.