ಎನ್‌ಎಸ್‌ಎಸ್‌ಗೆ ಹೆಸರು ಕೊಡಲು ಅಳುಕುವ ತಂಗಿಗೆ

ಪ್ರೀತಿಯ ತಂಗಿ,

ಸರ್ಟಿಫಿಕೇಟಿನ ಆಸೆ ಇಟ್ಟುಕೊಂಡು ಸೇವೆಗೆ ಹೋಗುವುದು ಸರಿಯೇ ಎಂಬ ಅಳುಕು ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಾಲೇಜುಗಳಲ್ಲಿ ಓದುವ ನಿನ್ನಂಥ ಹಲವರಿಗಿದೆ. ಆ ಅಳುಕು ಬೇಡ. ಗಾಂಧಿ ಶತಮಾನೋತ್ಸವದ ವರ್ಷ, 1969ರಲ್ಲಿ, 37 ವಿಶ್ವವಿದ್ಯಾಲಯಗಳಲ್ಲಿ ಶುರುವಾದ ರಾಷ್ಟ್ರೀಯ ಸೇವಾ ಯೋಜನೆಯ (ಎನ್‌ಎಸ್‌ಎಸ್) ಧ್ಯೇಯವಾಕ್ಯ ‘ನನಗಲ್ಲ, ನಿನಗೆ’ ಎಂದಿದ್ದರೂ, ಎರಡು ವರ್ಷದಲ್ಲಿ 240 ಗಂಟೆ ದುಡಿದು ಏಳು ದಿನದ ಶಿಬಿರ ಮುಗಿಸಿದವರಿಗೆ ಯೋಜನೆಯೇ ಪ್ರಮಾಣಪತ್ರ ಕೊಡುತ್ತದೆ. ಸ್ವಯಂಸೇವಕರನ್ನು ಕೆಲಸಕ್ಕೆ ಹಚ್ಚುವುದೇನೆಂದು ಅಮೆರಿಕದ ಗಿಲ್ ಕ್ಲೇರಿ, ಮಾರ್ಕ್ ಸ್ನೈಡರ್ ಮತ್ತು ಸಂಗಡಿಗರು 1998ರಲ್ಲಿ ವಿಂಗಡಿಸಿದಾಗ ಆರು ಪ್ರೇರಣೆಗಳು ಸಿಕ್ಕವು: ನಂಬಿದ ಮೌಲ್ಯ, ಕಲಿಯುವ ಹಂಬಲ, ಜೊತೆಯವರ ಒತ್ತಾಸೆ, ಉದ್ಯೋಗದ ದಾರಿ, ಮನದ ದುಗುಡ ಮರೆಯುವ ಬಯಕೆ, ತನ್ನ ಬಗ್ಗೆ ತನಗೇ ಹೆಚ್ಚುವ ಭರವಸೆ. ಪರರ ಹಿತವೆಂಬ ಮೌಲ್ಯ ಇವುಗಳಲ್ಲಿ ಒಂದು ಮಾತ್ರ. ಏಡ್ಸ್ ಪೀಡಿತರ ಆರೈಕೆಗೆ ಬಂದವರನ್ನು ಕುರಿತು 1995ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಂತೂ, ತಮಗೂ ಏನೋ ದಕ್ಕಬೇಕೆಂದು ಬಂದವರೇ ಹೆಚ್ಚು ಕಾಲ ಉಳಿದಿದ್ದರು.

ನನ್ನ ಮಟ್ಟಿಗೆ ಇದರಲ್ಲಿ ಅಚ್ಚರಿಯಿಲ್ಲ. ಬರೀ ಕನಿಕರದಿಂದ ಹೊರಟವರು ಫಲ ಕಾಣದಾಗ ಬೇಗ ಬಸವಳಿಯುತ್ತಾರೆ. ಕುಂದಾಪುರದ ಕೋಡಿ ಕಡಲತೀರದಲ್ಲಿ ಇಂದು ಹೆಕ್ಕಿದ ಪ್ಲಾಸ್ಟಿಕ್ಕಿನ ಜಾಗಕ್ಕೆ ನಾಳೆಯ ಅಲೆ ಮತ್ತಷ್ಟು ತಂದು ಹಾಕುತ್ತದೆ. ಅದೇ ತೀರದಲ್ಲಿ ಆಲಿವ್ ರಿಡ್ಲೆ ಆಮೆ ಇಟ್ಟ ಮೊಟ್ಟೆಗಳಿಗೆ ಬೇಲಿ ಕಟ್ಟಿ ಕಾದವರಿಗೆ ಐವತ್ತು ದಿನದ ಆಚೀಚೆ ಮರಿಗಳು ಕಡಲಿಗಿಳಿಯುವುದು ಕಾಣುತ್ತದೆ. 2021ರಲ್ಲಿ ಉಡುಪಿ, ಬ್ರಹ್ಮಾವರದ ಸುತ್ತ ಹಡಿಲು ಬಿದ್ದ ಗದ್ದೆಗಳಲ್ಲಿ ನಾಟಿ ನಡೆದಾಗಲೂ ಹಾಗೆಯೇ: ನೆಟ್ಟ ನೇಜಿ ತೆನೆಯಾಗುವುದನ್ನು ಹೋಗಿ ನೋಡಬಹುದಿತ್ತು. ಕಸ ಹೆಕ್ಕುವುದು ಕೀಳೆಂದಲ್ಲ. ಆದರೆ ಅಲ್ಲಿ ನಿಲ್ಲಲು ಬೇರೆ ಕಾರಣ ಬೇಕು. ವಾರವಾರ ಜೊತೆಗೂಡುವ ಗೆಳತಿಯರು ಆ ಕಾರಣವಾಗಬಲ್ಲರು.

ನಿಜವಾದ ಸೇವೆಗೆ ಯಾರೂ ಕರೆಯಬೇಕಿಲ್ಲ ಎನ್ನುವವರಿದ್ದಾರೆ. ಆದರೆ ಕೋಟದ ಶಿವರಾಮ ಕಾರಂತರೂ ಗಾಂಧೀಜಿ ಕರೆದ ಮೇಲೆಯೇ ಕಾಲೇಜು ಬಿಟ್ಟು ಹೊರಟವರು. ನಮ್ಮೂರ ದೇವಸ್ಥಾನದ ಬ್ರಹ್ಮಕಲಶಕ್ಕೆ ಹೊರೆಕಾಣಿಕೆ ಹೊರುವ, ಊಟ ಬಡಿಸುವ ಹುಡುಗರನ್ನೂ ಯಾರೋ ಕರೆದೇ ಇರುತ್ತಾರೆ. ಹಾಗಾದರೆ ಎಲ್ಲರಿಗೂ ಕಡ್ಡಾಯ ಮಾಡಿಬಿಡೋಣ ಎಂಬ ವಾದವನ್ನು ಮಾತ್ರ ನಾನು ಒಪ್ಪೆ. ಕರೆಗೂ ಒತ್ತಾಯಕ್ಕೂ ಬಹಳ ಅಂತರವಿದೆ. 1999ರ ಅಧ್ಯಯನವೊಂದರಲ್ಲಿ, ಒತ್ತಾಯಕ್ಕೆ ಸೇವೆ ಮಾಡುತ್ತಿದ್ದೇವೆ ಎನಿಸಿದ ವಿದ್ಯಾರ್ಥಿಗಳಲ್ಲಿ ಮುಂದೆ ತಾವಾಗಿ ಮಾಡುವ ಮನಸ್ಸು ಕುಗ್ಗಿತ್ತು. ಮತ್ತೊಂದು ಆಕ್ಷೇಪ ಇದಕ್ಕಿಂತ ಭಾರವಾದದ್ದು: ಕಾಲೇಜು ಬಿಟ್ಟು ಬಸ್ಸು ಹಿಡಿದು ಮನೆಗೆ ಹೋಗಿ ದುಡಿಯಬೇಕಾದವರಿಗೆ ಬಿಡುವೆಲ್ಲಿ? ಅವರು ಬರಲಿಲ್ಲವೆಂದು ಯಾರೂ ದೂರಬಾರದು. ಕೆಲಸವನ್ನು ಅವರ ಊರಿನಲ್ಲೇ, ಅವರ ಹೊತ್ತಿಗೆ ಹೊಂದಿಸಿಕೊಡುವುದು ಕಾಲೇಜಿನ ಹೊಣೆ.

ಆದ್ದರಿಂದ ಹೆಸರು ಕೊಡುವಾಗ ನಿನಗೇನು ಬೇಕೆಂದು ಯೋಜನಾಧಿಕಾರಿಯವರ ಹತ್ತಿರ ಮುಚ್ಚುಮರೆಯಿಲ್ಲದೆ ಹೇಳು. ನಾಲ್ಕು ಜನರೆದುರು ಮಾತಾಡಲು ಕಲಿಯಬೇಕೆಂದಿದ್ದರೆ ಶಿಬಿರದ ಮನೆ ಭೇಟಿಯ ಕೆಲಸ ಕೇಳು. ಜೊತೆ ಬೇಕೆನಿಸಿದರೆ ಒಬ್ಬ ಗೆಳತಿಯನ್ನು ನೀನೇ ಕರೆದುಕೊಂಡು ಹೋಗು.

ಇತಿ,
ನಿನ್ನ ಅಕ್ಕ