ಹಳೆಯ ರೇಡಿಯಂ ಗಡಿಯಾರ: ಹೆದರಿಕೆ ಬೇಡ, ಎಚ್ಚರಿಕೆ ಇರಲಿ

ನಿಮ್ಮ ಮನೆಯ ಟ್ರಂಕಿನಲ್ಲಿ ಅಜ್ಜನ ಕಾಲದ ಕೈಗಡಿಯಾರ ಅಥವಾ ಅಲಾರಾಂ ಗಡಿಯಾರ ಇದೆಯೇ? ಕತ್ತಲಲ್ಲಿ ಹಸಿರಾಗಿ ಹೊಳೆಯುತ್ತಿದ್ದ ಅದರ ಮುಳ್ಳು ಮತ್ತು ಅಂಕಿಗಳಿಗೆ ರೇಡಿಯಂ ಬೆರೆಸಿದ ಬಣ್ಣ ಹಚ್ಚಿರಬಹುದು. 1960ರ ದಶಕದವರೆಗೂ ಈ ಬಣ್ಣ ಬಳಕೆಯಲ್ಲಿತ್ತು.

ಹೊಳಪು ಹೋದರೆ ವಿಕಿರಣವೂ ಹೋಯಿತೇ?

ಇಲ್ಲ. ಬೆಳಕು ಕೊಡುವುದು ಬಣ್ಣದಲ್ಲಿರುವ ಸತುವಿನ ಸಲ್ಫೈಡ್. ಅದನ್ನು ಬೆಳಗಿಸುವುದು ರೇಡಿಯಂನ ವಿಕಿರಣ. ಸತುವಿನ ಸಲ್ಫೈಡ್ ಕೆಲವು ವರ್ಷಗಳಲ್ಲಿ ಕೆಟ್ಟು, ಅಂಕಿಗಳು ಕಂದು ಬಣ್ಣಕ್ಕೆ ತಿರುಗುತ್ತವೆ. ಆದರೆ ರೇಡಿಯಂ ಅರ್ಧದಷ್ಟು ಕಡಿಮೆಯಾಗಲು ಸುಮಾರು 1600 ವರ್ಷ ಬೇಕು.

ಅಪಾಯ ಎಲ್ಲಿದೆ?

ಗಾಜು ಭದ್ರವಾಗಿರುವ ಗಡಿಯಾರ ಮನೆಯಲ್ಲಿದ್ದ ಮಾತ್ರಕ್ಕೆ ಗಾಬರಿಪಡಬೇಕಿಲ್ಲ. ಬಣ್ಣದ ಪುಡಿ ಉಸಿರಿನಿಂದ ಅಥವಾ ಬಾಯಿಯಿಂದ ಒಳಗೆ ಹೋದರೆ ಅಪಾಯ. ರೇಡಿಯಂ ಗುಣದಲ್ಲಿ ಕ್ಯಾಲ್ಸಿಯಂ ಅನ್ನು ಹೋಲುವುದರಿಂದ ದೇಹವು ಅದನ್ನು ಎಲುಬಿನಲ್ಲಿ ಸೇರಿಸಿಕೊಳ್ಳುತ್ತದೆ. ಅಲ್ಲಿ ಅದು ವರ್ಷಗಟ್ಟಲೆ ಉಳಿಯುತ್ತದೆ.

1917ರ ನಂತರ ಅಮೆರಿಕದ ನ್ಯೂಜೆರ್ಸಿಯಲ್ಲಿ ಗಡಿಯಾರಗಳಿಗೆ ಈ ಬಣ್ಣ ಹಚ್ಚುತ್ತಿದ್ದ ಯುವತಿಯರು ಕುಂಚದ ತುದಿಯನ್ನು ತುಟಿಯಿಂದಲೇ ಚೂಪು ಮಾಡುತ್ತಿದ್ದರು. ಕೆಲವೇ ವರ್ಷಗಳಲ್ಲಿ ಅವರಲ್ಲಿ ಅನೇಕರ ಹಲ್ಲು ಉದುರಿದವು, ದವಡೆಯ ಎಲುಬು ಕೊಳೆಯಿತು. ಹಲವರು ತೀರಿಕೊಂಡರು. ಬಣ್ಣ ದಿನವೂ ಹೊಟ್ಟೆಗೆ ಹೋದುದೇ ಇದಕ್ಕೆ ಕಾರಣ.

ನೀವು ಏನು ಮಾಡಬೇಕು?

1. ಗಡಿಯಾರವನ್ನು ಮನೆಯಲ್ಲಿ ಬಿಚ್ಚಬೇಡಿ. ಅಂಕಿಗಳನ್ನು ಕೆರೆಯಬೇಡಿ, ತಿಕ್ಕಬೇಡಿ.
2. ಮಕ್ಕಳ ಕೈಗೆ ಆಟಕ್ಕೆ ಕೊಡಬೇಡಿ. ದಿಂಬಿನ ಕೆಳಗೆ ಇಡಬೇಡಿ. ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬೀರುವಿನಲ್ಲಿಡಿ.
3. ರಿಪೇರಿಗೆ ಕೊಡುವಾಗ ರೇಡಿಯಂ ಇರಬಹುದೆಂದು ರಿಪೇರಿ ಮಾಡುವವರಿಗೆ ಮೊದಲೇ ತಿಳಿಸಿ.
4. ಗಾಜು ಒಡೆದರೆ ಮಕ್ಕಳನ್ನು ದೂರ ಕಳಿಸಿ. ಕಸಬರಿಗೆಯಿಂದ ಗುಡಿಸಬೇಡಿ, ಪುಡಿ ಹಾರುತ್ತದೆ. ಕೈಗವಸು ಹಾಕಿ, ಮೂಗಿಗೆ ಬಟ್ಟೆ ಕಟ್ಟಿ, ಒದ್ದೆ ಬಟ್ಟೆಯಿಂದ ಒರೆಸಿ. ಎಲ್ಲವನ್ನೂ ಚೀಲದಲ್ಲಿ ಬಿಗಿಯಾಗಿ ಕಟ್ಟಿ, ಸೋಪಿನಿಂದ ಕೈ ತೊಳೆಯಿರಿ.
5. ಕಸದ ತೊಟ್ಟಿಗೆ ಅಥವಾ ಗುಜರಿಗೆ ಹಾಕಬೇಡಿ. ಹೇಗೆ ವಿಲೇವಾರಿ ಮಾಡಬೇಕೆಂದು ಮುಂಬೈನಲ್ಲಿರುವ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯನ್ನು ಕೇಳಿ.

ರೇಡಿಯಂ ಸ್ಟಿಕ್ಕರ್ ಅಪಾಯವೇ?

ಬೈಕು, ಲಾರಿಗಳಿಗೆ ಅಂಟಿಸುವ 'ರೇಡಿಯಂ' ಸ್ಟಿಕ್ಕರಿನಲ್ಲಿ ಹೆಸರು ಮಾತ್ರ ರೇಡಿಯಂ. ಅದು ತನ್ನ ಮೇಲೆ ಬಿದ್ದ ಬೆಳಕನ್ನು ಹಿಂದಿರುಗಿಸುತ್ತದೆ, ಅಷ್ಟೇ. ಅದರಿಂದ ವಿಕಿರಣದ ಭಯವಿಲ್ಲ.

ಮಗು ಹಳೆಯ ಗಡಿಯಾರದ ಬಣ್ಣ ನುಂಗಿದೆಯೆಂಬ ಅನುಮಾನ ಬಂದರೆ ತಡಮಾಡದೆ ವೈದ್ಯರ ಬಳಿ ಕರೆತನ್ನಿ. ಗಡಿಯಾರದ ವಿಷಯವನ್ನು ಮರೆಯದೆ ತಿಳಿಸಿ.