ಗಡಿ ಮತ್ತು ಜನಮತ

ಕೋಲಾರ ಜಿಲ್ಲೆಯ ಮುಳಬಾಗಿಲು ಕನ್ನಡ ನಾಡಿನ ಮೂಡಣ ಬಾಗಿಲು. ಊರಿನ ಹೆಸರೂ ‘ಮೂಡಲ ಬಾಗಿಲು’ ಎಂಬುದರಿಂದಲೇ ಬಂದುದೆಂದು ಹೇಳುತ್ತಾರೆ. ಅಲ್ಲಿಂದ ಹೆದ್ದಾರಿಯಲ್ಲಿ ಪೂರ್ವಕ್ಕೆ ಸಾಗಿದರೆ ನಂಗಲಿ, ಅದರಾಚೆಗೆ ಆಂಧ್ರಪ್ರದೇಶ. ಹನ್ನೆರಡನೆಯ ಶತಮಾನದ ಹೊಯ್ಸಳ ದೊರೆ ವಿಷ್ಣುವರ್ಧನನ ಶಾಸನಗಳು ಅವನ ರಾಜ್ಯದ ಪೂರ್ವದ ಎಲ್ಲೆಯನ್ನು ಹೇಳುವಾಗ ಈ ನಂಗಲಿಯನ್ನೇ ಹೆಸರಿಸುತ್ತವೆ. ಆದರೆ ಸಂತೆಯ ದಿನ ಈ ಸೀಮೆಯಲ್ಲಿ ನಿಂತು ಕಿವಿಗೊಟ್ಟರೆ ಎಲ್ಲೆ ಎಲ್ಲಿದೆಯೆಂದು ಹೇಳುವುದು ಕಷ್ಟ. ಕನ್ನಡದಲ್ಲಿ ಬೆಲೆ ಕೇಳಿದವನು ತೆಲುಗಿನಲ್ಲಿ ಚೌಕಾಸಿ ಮಾಡುತ್ತಾನೆ. ತೆಲುಗಿನವರು ಬಹುಸಂಖ್ಯೆಯಲ್ಲಿದ್ದರೂ 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಕೋಲಾರ ಜಿಲ್ಲೆ ಮೈಸೂರು ರಾಜ್ಯದಲ್ಲಿಯೇ ಉಳಿಯಿತು. ಆಗ ಇಲ್ಲಿ ಯಾವ ಮತದಾನವೂ ನಡೆಯಲಿಲ್ಲ. ಆಯೋಗವೊಂದು ವಿಚಾರ ಮಾಡಿತು, ಸಂಸತ್ತು ನಿರ್ಣಯಿಸಿತು.

ಹಾಗಾದರೆ ಗಡಿಯ ಗೆರೆಯನ್ನು ಎಳೆಯುವ ಅಧಿಕಾರ ಯಾರದು? ಹಿಂದಿನ ಕಾಲದಲ್ಲಿ ಈ ಪ್ರಶ್ನೆಗೆ ಖಡ್ಗವೇ ಉತ್ತರ ಹೇಳುತ್ತಿತ್ತು. ಗೆದ್ದ ಅರಸನ ಎಲ್ಲೆಯೇ ಪ್ರಜೆಗಳ ಎಲ್ಲೆ. ನೆಲದ ಮೇಲೆ ಬಾಳುವವರನ್ನೇ ಕೇಳಬೇಕೆಂಬ ಭಾವನೆ ಬಲಗೊಂಡುದು ಈಚಿನ ಕಾಲದಲ್ಲಿ. ಒಂದು ಪ್ರದೇಶದ ಜನರ ಮತವನ್ನು ಪಡೆದು ಅದರ ಭವಿಷ್ಯವನ್ನು ತೀರ್ಮಾನಿಸುವ ಕ್ರಮಕ್ಕೆ ಜನಮತಗಣನೆ ಎಂದು ಹೆಸರು. ನೋಡಲು ಇದು ಸುಲಭ. ಮತ ಹಾಕುವುದು, ಎಣಿಸುವುದು, ಹೆಚ್ಚು ಬಂದ ಕಡೆಗೆ ತೀರ್ಪು ಕೊಡುವುದು. ಆದರೆ ಎಣಿಕೆಗೆ ಮೊದಲು ಆಗಬೇಕಾದ ಕೆಲಸ ಬಹಳ ಕಠಿಣವಾದುದು. ಎಣಿಕೆಯ ಅನಂತರ ಗೆದ್ದವರೂ ಸೋತವರೂ ನಡೆದುಕೊಳ್ಳುವ ರೀತಿ ಅದಕ್ಕಿಂತಲೂ ಮುಖ್ಯ.

ನಮ್ಮ ನಾಡಿಗೆ ತಾಗಿಕೊಂಡಿರುವ ಗೋವೆಯ ಉದಾಹರಣೆಯನ್ನೇ ನೋಡೋಣ. 1961ರ ಡಿಸೆಂಬರ್ 19ರಂದು ಪೋರ್ಚುಗೀಸರಿಂದ ಬಿಡುಗಡೆ ಹೊಂದಿದ ಗೋವೆ ಕೇಂದ್ರಾಡಳಿತ ಪ್ರದೇಶವಾಯಿತು. ಅದನ್ನು ಮಹಾರಾಷ್ಟ್ರದಲ್ಲಿ ವಿಲೀನಗೊಳಿಸಬೇಕೆಂದು ಕೆಲವರು, ಕೊಂಕಣಿಯ ನಾಡಾದ ಅದು ಪ್ರತ್ಯೇಕವಾಗಿಯೇ ಉಳಿಯಬೇಕೆಂದು ಕೆಲವರು ವಾದಿಸಿದರು. ವಿವಾದವನ್ನು ಜನರ ಮುಂದೆಯೇ ಇಡಲು 1966ರಲ್ಲಿ ಸಂಸತ್ತು ಕಾನೂನು ಮಾಡಿತು. ಆಗ ಮುಖ್ಯಮಂತ್ರಿಗಳಾಗಿದ್ದ ದಯಾನಂದ ಬಾಂದೋಡ್ಕರರು ವಿಲೀನದ ಪಕ್ಷದವರು. ಒಂದು ಪಕ್ಷದ ನಾಯಕರೇ ಅಧಿಕಾರದಲ್ಲಿದ್ದರೆ ಮತದಾನ ನಿಷ್ಪಕ್ಷಪಾತವಾದೀತೆ ಎಂಬ ಶಂಕೆ ಎದ್ದಿತು. ಅವರ ಮಂತ್ರಿಮಂಡಲ ರಾಜೀನಾಮೆ ಕೊಟ್ಟು, ಆಡಳಿತ ರಾಷ್ಟ್ರಪತಿಗಳ ಕೈಗೆ ಹೋಯಿತು. ವಿಲೀನಕ್ಕೆ ಹೂವಿನ ಚಿಹ್ನೆ, ಪ್ರತ್ಯೇಕತೆಗೆ ಎರಡು ಎಲೆಗಳ ಚಿಹ್ನೆ. 1967ರ ಜನವರಿ 16ರಂದು ಮತದಾನ ನಡೆಯಿತು. ಪ್ರತ್ಯೇಕತೆಗೆ 1,72,191 ಮತಗಳು, ವಿಲೀನಕ್ಕೆ 1,38,170 ಮತಗಳು ಬಂದವು. ಕೇವಲ 34,021 ಮತಗಳ ಅಂತರದಲ್ಲಿ ಒಂದು ನಾಡಿನ ದಾರಿ ನಿಶ್ಚಯವಾಯಿತು. ಕೆಲವೇ ತಿಂಗಳಲ್ಲಿ ನಡೆದ ಸಾರ್ವತ್ರಿಕ ಚುನಾವಣೆಯಲ್ಲಿ ಬಾಂದೋಡ್ಕರರ ಪಕ್ಷವೇ ಗೆದ್ದಿತು. ಜನಮತಗಣನೆಯಲ್ಲಿ ಸೋತ ನಾಯಕರೇ, ತಮಗೆ ಇಷ್ಟವಿಲ್ಲದಿದ್ದ ವ್ಯವಸ್ಥೆಯೊಳಗೆ ಮತ್ತೆ ಮುಖ್ಯಮಂತ್ರಿಗಳಾದರು. ಮುಂದೆ 1987ರಲ್ಲಿ ಗೋವೆ ಪೂರ್ಣ ರಾಜ್ಯವಾಯಿತು.

ಗೋವೆಯ ವಿವಾದ ಒಂದೇ ದೇಶದ ಒಳಗಿನದು. ಎರಡು ಪಕ್ಷಗಳ ಮೇಲೂ ಒಂದೇ ಸಂಸತ್ತು ಇತ್ತು. ಎರಡು ದೇಶಗಳ ನಡುವೆ ವ್ಯಾಜ್ಯವಾದರೆ ಮೇಲಿನವರು ಯಾರು? ಆಗ ಮೂರನೆಯವರ ಮಧ್ಯಸ್ಥಿಕೆ ಬೇಕಾಗುತ್ತದೆ. ಡೆನ್ಮಾರ್ಕ್ ಮತ್ತು ಜರ್ಮನಿಗಳ ನಡುವಣ ಷ್ಲೆಸ್ವಿಗ್ ಪ್ರಾಂತದಲ್ಲಿ ನಡೆದುದು ಇದೇ. 1864ರ ಯುದ್ಧದಲ್ಲಿ ಡೆನ್ಮಾರ್ಕ್ ಈ ಪ್ರಾಂತವನ್ನು ಕಳೆದುಕೊಂಡಿತ್ತು. ಮೊದಲನೆಯ ಮಹಾಯುದ್ಧದ ಅನಂತರ, ವರ್ಸೇಲ್ಸ್ ಒಪ್ಪಂದದಂತೆ, ಬ್ರಿಟನ್, ಫ್ರಾನ್ಸ್, ನಾರ್ವೆ, ಸ್ವೀಡನ್ ದೇಶಗಳ ಪ್ರತಿನಿಧಿಗಳ ಆಯೋಗವೊಂದು ಅಲ್ಲಿಗೆ ಬಂದಿತು. ಜರ್ಮನ್ ಸೈನ್ಯ ಹಿಂದೆ ಸರಿಯಿತು. ಪ್ರಾಂತವನ್ನು ಎರಡು ವಲಯಗಳಾಗಿ ವಿಂಗಡಿಸಲಾಯಿತು. 1920ರ ಫೆಬ್ರವರಿ 10ರಂದು ಉತ್ತರ ವಲಯದಲ್ಲಿ ನೂರಕ್ಕೆ ಸುಮಾರು 75 ಮತಗಳು ಡೆನ್ಮಾರ್ಕಿಗೂ, ಮಾರ್ಚ್ 14ರಂದು ದಕ್ಷಿಣ ವಲಯದಲ್ಲಿ ನೂರಕ್ಕೆ ಸುಮಾರು 80 ಮತಗಳು ಜರ್ಮನಿಗೂ ಬಿದ್ದವು. ಎರಡು ವಲಯಗಳ ನಡುವಣ ಗೆರೆಯೇ ಗಡಿಯಾಯಿತು.

ಆದರೆ ಉತ್ತರ ವಲಯದ ಟೋಂಡರ್ ಪಟ್ಟಣದಲ್ಲಿ ಹೆಚ್ಚಿನವರು ಜರ್ಮನಿಗೆ ಮತ ನೀಡಿದ್ದರು. ಇಡೀ ವಲಯವನ್ನು ಒಂದಾಗಿ ಎಣಿಸಿದುದರಿಂದ ಆ ಪಟ್ಟಣ ಡೆನ್ಮಾರ್ಕಿಗೆ ಸೇರಿತು. ಊರೂರನ್ನು ಬೇರೆಯಾಗಿ ಎಣಿಸಿದ್ದರೆ ಫಲ ಬೇರೆಯಾಗುತ್ತಿತ್ತು! ಇಂತಹ ಊರುಗಳ ನೋವು ಬೇಗ ಆರಲಿಲ್ಲ. 1955ರಲ್ಲಿ ಎರಡು ಸರಕಾರಗಳೂ ತಮ್ಮಲ್ಲಿ ಉಳಿದ ಅಲ್ಪಸಂಖ್ಯಾತರ ಭಾಷೆ ಮತ್ತು ಶಾಲೆಗಳ ಹಕ್ಕನ್ನು ಘೋಷಿಸಿದವು. ಗೆರೆ ಎಳೆದು ನೂರು ವರ್ಷ ಕಳೆದರೂ ಅದು ಕದಲಿಲ್ಲ.

ಎಲ್ಲೆಡೆಯೂ ಹೀಗಾಗಲಿಲ್ಲ. ಕಾಶ್ಮೀರದ ಮೇಲೆ ನಡೆದ ಆಕ್ರಮಣವನ್ನು ಕುರಿತು ಭಾರತವು 1948ರ ಜನವರಿಯಲ್ಲಿ ವಿಶ್ವಸಂಸ್ಥೆಗೆ ದೂರು ಕೊಟ್ಟಿತು. ಅದರ ಆಯೋಗವು ಮೆಟ್ಟಿಲು ಮೆಟ್ಟಿಲಾಗಿ ಒಂದು ಕ್ರಮವನ್ನು ಸೂಚಿಸಿತು: ಮೊದಲು ಕದನವಿರಾಮ, ಅನಂತರ ಪಾಕಿಸ್ತಾನದ ಪಡೆಗಳ ವಾಪಸಾತಿ, ಬಳಿಕ ಭಾರತದ ಸೈನ್ಯದ ಬಹುಭಾಗದ ಹಿಂತೆಗೆತ, ಕೊನೆಗೆ ಜನಮತಗಣನೆ. 1949ರ ಜನವರಿ 1ರಂದು ಕದನವೇನೋ ನಿಂತಿತು. ಎರಡನೆಯ ಮೆಟ್ಟಿಲನ್ನು ಏರಲಾಗಲಿಲ್ಲ. ಮಂಗಳೂರಿನಲ್ಲಿ ಜನಿಸಿದ ಬೆನಗಲ್ ನರಸಿಂಗರಾಯರು ಭದ್ರತಾ ಸಮಿತಿಯಲ್ಲಿ ಭಾರತದ ಪಕ್ಷವನ್ನು ಮಂಡಿಸಿದರು. 1950ರಲ್ಲಿ ಮಧ್ಯಸ್ಥರಾಗಿ ಬಂದ ಆಸ್ಟ್ರೇಲಿಯದ ನ್ಯಾಯಮೂರ್ತಿ ಓವೆನ್ ಡಿಕ್ಸನ್ನರೂ ಸಫಲರಾಗಲಿಲ್ಲ. 1972ರ ಸಿಮ್ಲಾ ಒಪ್ಪಂದದಲ್ಲಿ ಎರಡು ದೇಶಗಳೂ ತಮ್ಮ ಭಿನ್ನಾಭಿಪ್ರಾಯಗಳನ್ನು ಪರಸ್ಪರ ಮಾತುಕತೆಯಿಂದ ಪರಿಹರಿಸಿಕೊಳ್ಳಲು ಒಪ್ಪಿದವು.

ಜನಮತಗಣನೆ ಫಲಿಸಬೇಕಾದರೆ ಏನೇನು ಬೇಕೆಂಬುದು ಈ ನಿದರ್ಶನಗಳಿಂದ ತಿಳಿಯುತ್ತದೆ. ಕೇಳುವ ಪ್ರಶ್ನೆ ಸ್ಪಷ್ಟವಾಗಿರಬೇಕು. ಯಾವ ಪ್ರದೇಶವನ್ನು ಒಂದು ಘಟಕವಾಗಿ ಎಣಿಸಬೇಕೆಂಬುದು ಮೊದಲೇ ನಿಶ್ಚಯವಾಗಬೇಕು. ಮತಗಟ್ಟೆಯ ಬಳಿ ಬಂದೂಕಿನ ನೆರಳು ಬೀಳಬಾರದು. ಫಲ ಏನೇ ಬಂದರೂ ಒಪ್ಪುತ್ತೇವೆಂಬ ಮಾತು ಮುಂಚಿತವಾಗಿ ದೊರೆಯಬೇಕು. ಈ ಕೊನೆಯದು ಇಲ್ಲದಿದ್ದರೆ ನ್ಯಾಯಾಧೀಶರ ತೀರ್ಪೂ ನಿಲ್ಲದು. ನಮ್ಮ ಗಡಿಗಳ ಬಗ್ಗೆ 1966ರಲ್ಲಿ ನೇಮಕಗೊಂಡ ಮಹಾಜನ್ ಆಯೋಗವು ಬೆಳಗಾವಿ ನಗರ ನಮ್ಮಲ್ಲಿ ಉಳಿಯಬೇಕೆಂದೂ, ಕಾಸರಗೋಡಿನ ಚಂದ್ರಗಿರಿ ನದಿಯ ಉತ್ತರ ಭಾಗ ನಮಗೆ ಸೇರಬೇಕೆಂದೂ ಹೇಳಿತು. ಮಹಾರಾಷ್ಟ್ರ ಮತ್ತು ಕೇರಳಗಳು ಅದನ್ನು ಒಪ್ಪಲಿಲ್ಲ. 2004ರಲ್ಲಿ ಮಹಾರಾಷ್ಟ್ರವು ಸುಪ್ರೀಂ ಕೋರ್ಟಿನ ಮೊರೆ ಹೊಕ್ಕಿತು.

ಯಾವ ಗೆರೆ ಎಳೆದರೂ ಕೆಲವರು ಅದರ ‘ಆಚೆಗೆ’ ಉಳಿಯುತ್ತಾರೆ. ಅವರ ಭಾಷೆಗೆ, ಶಾಲೆಗೆ, ಮಾನಕ್ಕೆ ರಕ್ಷಣೆಯಿದ್ದರೆ ಅವರು ಗೆರೆಯನ್ನು ಸಹಿಸುತ್ತಾರೆ. ಇಲ್ಲವಾದರೆ ಅದು ಮಾಯದ ಗಾಯವಾಗುತ್ತದೆ. ಕಾಸರಗೋಡಿನ ಕನ್ನಡ ಮಗುವಿಗೆ ನಾವು ಕೇಳುವ ಹಕ್ಕನ್ನೇ ಮುಳಬಾಗಿಲಿನ ತೆಲುಗು ಮಗುವಿಗೂ ಕೊಡುವುದು ನ್ಯಾಯ. ಮನೆಗೆ ಗೋಡೆಯೂ ಬೇಕು, ಬಾಗಿಲೂ ಬೇಕು. ಗಡಿಯಲ್ಲಿ ನೆಲೆಸಿದ ಹಿರಿಯರು ತಮ್ಮ ಊರನ್ನು ಬಾಗಿಲೆಂದೇ ಕರೆದರು.

ಅಭ್ಯಾಸ

ಪದಗಳ ಅರ್ಥ: ಎಲ್ಲೆ – ಗಡಿ, ಮೇರೆ, ವ್ಯಾಜ್ಯ – ಜಗಳ, ವಿವಾದ, ಮಧ್ಯಸ್ಥಿಕೆ – ಇಬ್ಬರ ನಡುವೆ ನಿಂತು ರಾಜಿ ಮಾಡಿಸುವುದು, ಮಾಯದ – ವಾಸಿಯಾಗದ.

ಪ್ರಶ್ನೆಗಳು:
1. ಗೋವೆಯ ಮಂತ್ರಿಮಂಡಲ ಮತದಾನಕ್ಕೆ ಮೊದಲು ರಾಜೀನಾಮೆ ಕೊಟ್ಟುದರ ಮಹತ್ತ್ವವೇನು?
2. ಟೋಂಡರ್ ಪಟ್ಟಣ ಡೆನ್ಮಾರ್ಕಿಗೆ ಸೇರಿದುದು ಹೇಗೆ? ಅದು ನ್ಯಾಯವೆ? ನಿಮ್ಮ ಅಭಿಪ್ರಾಯವನ್ನು ಬರೆಯಿರಿ.
3. ‘ಮನೆಗೆ ಗೋಡೆಯೂ ಬೇಕು, ಬಾಗಿಲೂ ಬೇಕು’ – ಈ ಮಾತನ್ನು ಸಂದರ್ಭದೊಡನೆ ವಿವರಿಸಿ.